ಶರಾವತಿ ಹಿನ್ನೀರಿನ ದಂಡೆಯಲ್ಲೊಂದು ಸಮಾಜವಾದಿ ಬೇಸಿಗೆ ಶಿಬಿರ

ಮೇ ತಿಂಗಳ ಒಂದು ವಾರಾಂತ್ಯ ಸಾಗರ ತಾಲ್ಲೂಕಿನಲ್ಲಿ ನಡೆದ ಸಮಾಜವಾದಿ ಅಧ್ಯಯನ ಮತ್ತು ವಿಹಾರ ಶಿಬಿರಕ್ಕೆ ನಾನೂ ಹದಿನೇಳು ವರ್ಷದ ನನ್ನ ಮಗಳೂ ಹೋಗಿ ಬಂದೆವು. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗಿನ ಎರಡು ರಾತ್ರಿಗಳಿಗೆ ಸಂಬಳದವರು ತಲಾ 1,800 ರೂಪಾಯಿ, ವಿದ್ಯಾರ್ಥಿಗಳು 600 ರೂಪಾಯಿ ಕೊಡಬೇಕಿತ್ತು. ಊಟ, ಡೇರೆ, ದೋಣಿ ಎಲ್ಲವೂ ಅದರಲ್ಲೇ ಸೇರಿತ್ತು. ಬೆಳಿಗ್ಗೆ ಗೋಷ್ಠಿ, ಸಂಜೆ ಈಜು ಮತ್ತು ದೋಣಿ ಎಂಬುದು ಆಹ್ವಾನಪತ್ರದ ಭರವಸೆ. ಅದು ಈಡೇರಿತು. ಆದರೆ ಎರಡರ ನಡುವೆ ಇದ್ದ ಸಂಬಂಧವನ್ನು ಸಂಘಟಕರೇ ಗಮನಿಸಲಿಲ್ಲವೆಂಬುದು ನನ್ನ ಮುಖ್ಯ ತಕರಾರು.

ಸ್ಥಳದ ಆಯ್ಕೆಯ ಬಗ್ಗೆ ಎರಡು ಮಾತಿಲ್ಲ. ಸಮಾಜವಾದದ ಪಾಠ ಹೇಳಲು ಕರ್ನಾಟಕದಲ್ಲಿ ಸಾಗರಕ್ಕಿಂತ ತಕ್ಕ ಊರು ಸಿಗುವುದು ಕಷ್ಟ. ಗೇಣಿ ರೈತರ ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ಇದೇ ತಾಲ್ಲೂಕಿನಲ್ಲಿ. ಅದನ್ನು ಬೆಂಬಲಿಸಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಿದ್ದು ನಾವು ಬೆಳಗಿನ ಜಾವ ಇಳಿದ ಸಾಗರದ ರೈಲು ನಿಲ್ದಾಣದಲ್ಲಿ. ಮರುವರ್ಷ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದದ್ದೂ ಸಾಗರ-ಹೊಸನಗರದ ಮತದಾರರಿಂದಲೇ.

ಶನಿವಾರದ ಮೊದಲ ಗೋಷ್ಠಿ ಇಡೀ ಶಿಬಿರದಲ್ಲೇ ಅತ್ಯುತ್ತಮವಾದದ್ದು. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗವೇ ವಾಡಿಕೆಯ ಅಳತೆಗಿಂತ ದೊಡ್ಡದಾಗಿತ್ತೆಂಬುದು ಕಾಗೋಡಿನ ರೈತರ ದೂರುಗಳಲ್ಲೊಂದು. ಹಿರಿಯ ಕಾರ್ಯಕರ್ತರೊಬ್ಬರು ಎರಡು ಗಾತ್ರದ ಕೊಳಗಗಳನ್ನೂ ಒಂದು ಮೂಟೆ ಭತ್ತವನ್ನೂ ಹೊತ್ತು ತಂದು, ನಮ್ಮ ಕೈಯಿಂದಲೇ ಅಳೆಸಿ, ಪ್ರತಿ ಅಳತೆಗೂ ಒಕ್ಕಲಿನ ಪಾಲು ಎಷ್ಟು ಕರಗುತ್ತದೆಂದು ತೋರಿಸಿದರು. ಶೋಷಣೆ ಎಂಬ ಪದವನ್ನು ಅವರು ಒಮ್ಮೆಯೂ ಬಳಸಲಿಲ್ಲ. ಮಗಳು ಫೋನು ಕೆಳಗಿಟ್ಟು ಕುಳಿತದ್ದು ಆ ಒಂದು ಗಂಟೆ ಮಾತ್ರ. ಅದರ ಬೆನ್ನಿಗೇ ಬಂದ, ಲೋಹಿಯಾ ಹೇಳಿದ ಏಳು ಕ್ರಾಂತಿಗಳ ಅಂದರೆ ‘ಸಪ್ತಕ್ರಾಂತಿ’ಯ ಉಪನ್ಯಾಸವನ್ನು ಭಾಷಣಕಾರರು ಎರಡು ಗಂಟೆ ಕಾಲ ಹಾಳೆ ನೋಡಿ ಓದಿದರು, ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಮಧ್ಯಾಹ್ನದ ಚರ್ಚೆ ಭೂಸುಧಾರಣೆಯ ಮೇಲೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ, ಗೇಣಿ ಭೂಮಿಯನ್ನು ಉಳುವ ಒಕ್ಕಲಿಗೇ ಕೊಡುವ ದೇವರಾಜ ಅರಸರ ಕಾಲದ ತಿದ್ದುಪಡಿ, ಅದರಡಿ ಒಕ್ಕಲುಗಳು ಹಕ್ಕು ಕೇಳುವ ಅರ್ಜಿಯಾದ ‘ಡಿಕ್ಲರೇಷನ್’ ಕೊಟ್ಟು ನ್ಯಾಯಮಂಡಳಿಯ ಮುಂದೆ ನಿಂತದ್ದು ಇವೆಲ್ಲ ಬಂದುಹೋದ ಮೇಲೆ ಮಾತು 2020ರ ತಿದ್ದುಪಡಿಗೆ ಹೊರಳಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧವನ್ನು ತೆಗೆದದ್ದನ್ನು ಎಲ್ಲರೂ ಖಂಡಿಸುತ್ತಿದ್ದಾಗ, ಬೆಂಗಳೂರಿನ ಶಿಬಿರಾರ್ಥಿಯೊಬ್ಬರು ಎದ್ದು ತಾವೇ ಆ ಅವಕಾಶದಲ್ಲಿ ಎರಡು ಎಕರೆ ಕೊಂಡಿರುವುದಾಗಿ ಹೇಳಿದರು. ಆಮೇಲೆ ನಡೆದ ಜಗಳ ಉಪನ್ಯಾಸಕ್ಕಿಂತ ಹತ್ತು ಪಾಲು ಉಪಯುಕ್ತವಾಗಿತ್ತು. ಸಂಚಾಲಕರು ಚಹಾದ ನೆಪದಲ್ಲಿ ಅದನ್ನು ನಿಲ್ಲಿಸಬಾರದಿತ್ತು.

ಸಂಜೆ ದೋಣಿವಿಹಾರ. ಬೇಸಿಗೆಯಾದ್ದರಿಂದ, ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತನ್ನ 1,819 ಅಡಿಯ ಪೂರ್ಣ ಮಟ್ಟದಿಂದ ಬಹಳ ಕೆಳಗಿಳಿದು, ಕರಿಯ ಮರದ ಬೊಡ್ಡೆಗಳು ನೀರಿನಿಂದ ಎದ್ದು ನಿಂತಿದ್ದವು. ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ ಹುಟ್ಟು ಹಾಕುತ್ತಿದ್ದವರು ನನ್ನ ಮಗಳಿಗೆ, “ಈಗ ನಾವು ಹೋಗ್ತಾ ಇರೋದು ನಮ್ಮಜ್ಜನ ಗದ್ದೆ ಮೇಲೆ, ತಂಗಿ” ಎಂದರು. ಗೇಣಿಯ ಗದ್ದೆಯದು. ಉಳುವವನೇ ಹೊಲದೊಡೆಯ ಎಂಬ ಕೂಗು ಕಾನೂನಾಗುವುದಕ್ಕೆ ಹತ್ತು ವರ್ಷ ಮೊದಲೇ, 1964ರಲ್ಲಿ, ಅಣೆಕಟ್ಟು ಪೂರ್ಣಗೊಂಡು ಹೊಲವೇ ನೀರಿನಡಿ ಸೇರಿತ್ತು. ನಾಡಿಗೆ ಬೆಳಕು ಕೊಟ್ಟು ಎದ್ದುಹೋದ ಮುಳುಗಡೆ ಕುಟುಂಬಗಳಲ್ಲಿ ಅನೇಕರಿಗೆ ಅವರು ಕುಳಿತ ಜಾಗದ ಹಕ್ಕುಪತ್ರ ಇಂದಿಗೂ ಸಿಕ್ಕಿಲ್ಲ. ಬೆಳಗ್ಗಿನಿಂದ ಭೂಮಿಯ ಮಾತನ್ನೇ ಆಡಿದ ಶಿಬಿರದ ಯಾವ ಗೋಷ್ಠಿಯಲ್ಲಿಯೂ ಈ ವಿಷಯ ಬರಲಿಲ್ಲ. ಹಿನ್ನೀರು ಸಂಘಟಕರಿಗೆ ಬಿಡುವಿನ ಬಾಬತ್ತು. ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿ, ಕಡುಬೇಸಿಗೆಯಲ್ಲಿ ಮಾತ್ರ ಮೇಲೇಳುವ ಮಡೇನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟನ್ನು ತೋರಿಸಿದ್ದರೂ ಸಾಕಿತ್ತು. ಅದರ ಬದಲು ಭಾನುವಾರ ಜೋಗಕ್ಕೆ ಬಸ್ಸು ಹೊರಟಿತು. ಮೇ ತಿಂಗಳ ಜೋಗದಲ್ಲಿ ಬಂಡೆ ನೋಡಬಹುದು.

ಊಟಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಕೊಟ್ಟೆ ಕಡುಬು, ಹಲಸಿನಕಾಯಿ ಹುಳಿ, ಅಪ್ಪೆಹುಳಿ, ಮೀನು ಸಾರು ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರು. ಮೀನು ತಿನ್ನದವರು ಪಕ್ಕದ ಎಲೆಯ ಕಡೆ ನೋಡದೆ ಉಂಡರು. ಪಾತ್ರೆ ತೊಳೆಯುವ ಸರದಿಯನ್ನು ಪಟ್ಟಿ ಮಾಡಿ ಅಂಟಿಸಿದ್ದರು, ಭಾಷಣಕಾರರ ಹೆಸರೂ ಅದರಲ್ಲಿತ್ತು. ಡೇರೆಗಳು ಹೊಸವು; ಆದರೆ ನಲವತ್ತು ಜನರಿಗೆ ಮೂರೇ ಶೌಚಾಲಯ.

ಗಂಭೀರವಾದ ಲೋಪ ಒಂದಿದೆ. ಇದು ಮಂಗನ ಕಾಯಿಲೆಯ ಸೀಮೆ. ರೋಗ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನದು, 2019ರಲ್ಲಿ ಸಾವುಗಳಾದ ಅರಳಗೋಡು ಈ ತಾಲ್ಲೂಕಿನದೇ, ಮತ್ತು ರೋಗ ಹರಡುವ ಉಣುಗಿನ ಕಾಟ ಮಳೆ ಹಿಡಿಯುವವರೆಗೂ ಇರುತ್ತದೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲದ ಬಾಟಲಿಗಳು ಅಡುಗೆಮನೆಯ ಮೂಲೆಯಲ್ಲಿದ್ದವು. ಶನಿವಾರ ಕಾಡಿನ ನಡಿಗೆ ಮುಗಿದ ಮೇಲೆ ಅವು ನಮ್ಮ ಕಣ್ಣಿಗೆ ಬಿದ್ದವು. ಹೋಗುವವರು ತುಂಬುತೋಳಿನ ಅಂಗಿ, ಉದ್ದ ಕಾಲುಚೀಲ ಒಯ್ಯಬೇಕು, ತೈಲವನ್ನು ಮೊದಲ ದಿನವೇ ಕೇಳಿ ಪಡೆಯಬೇಕು, ಮರಳಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ಎಲ್ಲಿಗೆ ಹೋಗಿದ್ದೆವೆಂದು ಹೇಳಬೇಕು.

ಹೊರಡುವ ಮುನ್ನ ಕೊಟ್ಟ ಅಭಿಪ್ರಾಯದ ಹಾಳೆಯಲ್ಲಿ ನಾನು ಶೌಚಾಲಯದ ಬಗ್ಗೆಯೂ ತೈಲದ ಬಗ್ಗೆಯೂ ಬರೆದೆ. ಮುಂದಿನ ಬೇಸಿಗೆಯಲ್ಲಿ ಎರಡು ಗಂಟೆಯ ಉಪನ್ಯಾಸದ ಜಾಗದಲ್ಲಿ ದೋಣಿಯವರನ್ನು ಕೂರಿಸಿ ಎಂದು ಮಗಳು ಬರೆದಳು.