ಬಾರ್ಬಡೋಸ್‌ಗೆ ಒಮ್ಮೆ, ಟೊಬೇಗೊಗೆ ಒಮ್ಮೆ: ಅಮ್ಮನ ಜತೆ ಎರಡು ದ್ವೀಪ

ಉಡುಪಿಯಿಂದ ಬಂದ ತಾಯಿಯನ್ನು ಜನವರಿ ತಿಂಗಳಲ್ಲಿ ನ್ಯೂಜೆರ್ಸಿಯ ಮನೆಯೊಳಗೆ ಕೂರಿಸುವುದು ಎಂಥ ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಹೊರಗೆ ಹಿಮ, ಒಳಗೆ ಹೀಟರಿನ ಒಣ ಗಾಳಿ. ಮೂರನೆಯ ವಾರಕ್ಕೆ "ನನ್ನನ್ನು ಊರಿಗೆ ಕಳಿಸಿಬಿಡು ಮಾರಾಯ" ಶುರುವಾಯಿತು. ಅದಕ್ಕೇ ವೆಸ್ಟ್ ಇಂಡೀಸಿನ ಬಾರ್ಬಡೋಸ್‌ಗೆ ಎಂಟು ದಿನ ಹೋಗಿಬಂದೆವು. ಮರುವರ್ಷ ಅಮ್ಮ ಮತ್ತೆ ಬಂದಾಗ ಮೇ ತಿಂಗಳು. ಆ ಸಲ ಟ್ರಿನಿಡಾಡ್ ಮೂಲಕ ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೊ.

ಬಾರ್ಬಡೋಸ್‌ಗಾಗಲಿ ಟ್ರಿನಿಡಾಡ್‌ಗಾಗಲಿ ನ್ಯೂಯಾರ್ಕಿನಿಂದ ವಿಮಾನದಲ್ಲಿ ಸುಮಾರು ಐದು ಗಂಟೆ. ಎರಡು ದೇಶಕ್ಕೂ ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗರಿಗೆ ಮುಂಗಡ ವೀಸಾ ಬೇಕಿಲ್ಲ. ಆದರೆ ಅಮೆರಿಕಕ್ಕೆ ಮರಳಲು ಅಮ್ಮನ ವೀಸಾ ಹಲವು ಸಲದ ಪ್ರವೇಶಕ್ಕೆ ಸಲ್ಲುವಂಥದ್ದು ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲು ನೋಡಿಕೊಂಡೆ. ಬೆಂಗಳೂರಿನಿಂದ ಅಮೆರಿಕದ ದಾರಿ ಹಿಡಿಯುವವರಿಗೂ ಇದು ನೆನಪಿರಲಿ: ಅಲ್ಲಿ ಬರೇ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು.

ಕಡಲ ಬಣ್ಣ ನೋಡಿ ದ್ವೀಪ ಆರಿಸಲು ಹೊರಟರೆ ತೀರ್ಮಾನವೇ ಆಗುವುದಿಲ್ಲ. ಫೋಟೋದಲ್ಲಿ ಎಲ್ಲವೂ ಒಂದೇ ನೀಲಿ. ಮಲ್ಪೆಯ ಕಡಲು ನೋಡಿ ಬೆಳೆದ ಅಮ್ಮನಿಗೆ ನೀರಿನ ಬೆರಗು ಎರಡು ದಿನಕ್ಕೆ ಮುಗಿಯಿತು. ಉಳಿದ ದಿನಗಳನ್ನು ನಡೆಸಿದ್ದು ಊಟ ಮತ್ತು ಓಡಾಟ.

ಓಡಾಟದಲ್ಲಿ ಬಾರ್ಬಡೋಸ್‌ಗೆ ಸಾಟಿಯಿಲ್ಲ. ದ್ವೀಪದ ಉದ್ದ 34 ಕಿಲೋಮೀಟರ್, ಅಷ್ಟೇ. ನೀಲಿ ಬಣ್ಣದ ಸರ್ಕಾರಿ ಬಸ್ಸು, ಹಳದಿ ಮಿನಿ ಬಸ್ಸು, ಕಡುಗೆಂಪು ಪಟ್ಟಿಯ ಬಿಳಿ ವ್ಯಾನು, ಮೂರೂ ಓಡುತ್ತವೆ. ನಾವು ಹೋದಾಗ ಎಲ್ಲಿಗೆ ಹೋದರೂ ಟಿಕೆಟ್ ಮೂರೂವರೆ ಬಾರ್ಬಡೋಸ್ ಡಾಲರ್. ನಿಲ್ದಾಣದ ಫಲಕದಲ್ಲಿ ಊರ ಹೆಸರಿನ ಗೊಡವೆಯೇ ಇಲ್ಲ: ಒಂದು ಬದಿಯಲ್ಲಿ 'ಪೇಟೆಗೆ', ಎದುರು ಬದಿಯಲ್ಲಿ 'ಪೇಟೆಯಿಂದ ಹೊರಗೆ'. ಬಿಳಿ ವ್ಯಾನಿಗೆ ಅದರ ನಂಬರ್ ಪ್ಲೇಟಿನ ಅಕ್ಷರಗಳಿಂದ 'ಜೆಡ್ ಆರ್' ಎಂದೇ ಹೆಸರು. ದಕ್ಷಿಣ ತೀರದ 11ನೇ ನಂಬರಿನ ವ್ಯಾನು ಹತ್ತಿದರೆ ಮಂಗಳೂರಿನ ಸಿಟಿ ಬಸ್ಸು ಹತ್ತಿದ ಹಾಗೆ. ಕಿವಿ ತೂತಾಗುವಷ್ಟು ಹಾಡು, ಬಾಗಿಲಲ್ಲಿ ನೇತಾಡುವ ಕಂಡಕ್ಟರ್, ಮೂವರ ಸೀಟಿನಲ್ಲಿ ನಾಲ್ವರು. ನಾನು ಮುಖ ಸಿಂಡರಿಸಿಕೊಂಡು ಕೂತಿದ್ದೆ. ಅಮ್ಮ ಪಕ್ಕದ ಹೆಂಗಸಿನ ಚೀಲವನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಆಕೆಗೆ ಕನ್ನಡದಲ್ಲೇ ಏನೋ ಹೇಳುತ್ತಿದ್ದಳು. ಸರ್ಕಾರಿ ಬಸ್ಸಿನಲ್ಲಿ ಮಾತ್ರ ಚಿಲ್ಲರೆ ವಾಪಸು ಕೊಡುವುದಿಲ್ಲ, ಸರಿಯಾದ ಹಣ ಕೈಯಲ್ಲಿರಲಿ.

ಟೊಬೇಗೊದಲ್ಲಿ ಬಸ್ಸು ನಂಬಿದರೆ ಅರ್ಧ ದಿನ ನಿಲ್ದಾಣದಲ್ಲೇ ಕಳೆಯುತ್ತದೆ. ಟಿಕೆಟನ್ನು ಮೊದಲೇ ಅಂಗಡಿಯಲ್ಲೋ ಕೌಂಟರಿನಲ್ಲೋ ಕೊಂಡಿರಬೇಕು, ಬಸ್ಸಿನೊಳಗೆ ಕೊಡುವುದಿಲ್ಲ. ನಾವು ಎರಡನೆಯ ದಿನವೇ ಸೋತು ಕಾರು ಬಾಡಿಗೆಗೆ ಹಿಡಿದೆವು. ರಸ್ತೆಯ ಎಡಬದಿಯಲ್ಲೇ ಓಡಿಸುವುದು, ಆ ಮಟ್ಟಿಗೆ ಊರಿನ ಹಾಗೆಯೇ. ಆದರೆ ಉತ್ತರ ತೀರದ ಕಸ್ತಾರಾ ದಾಟಿದ ಮೇಲೆ ಆಗುಂಬೆ ಘಾಟಿಯ ತಿರುವುಗಳೇ. ಇನ್ನೊಂದು ತಮಾಷೆ: ಬಾರ್ಬಡೋಸ್‌ನಲ್ಲಿ 'ಎಚ್' ಅಕ್ಷರದ ಪ್ಲೇಟು ಎಂದರೆ ಪ್ರವಾಸಿಗರು ಓಡಿಸುವ ಬಾಡಿಗೆ ಕಾರು, ಇಲ್ಲಿ ಅದೇ ಅಕ್ಷರ ಎಂದರೆ ಟ್ಯಾಕ್ಸಿ. ಹಿಂದಿನ ವರ್ಷದ ಜ್ಞಾನ ನೆಚ್ಚಿಕೊಂಡು ನಾನು ಬಂದ ಟ್ಯಾಕ್ಸಿಗಳನ್ನೆಲ್ಲ ಬಿಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದೆ.

ಟೊಬೇಗೊ ತಲುಪುವುದೂ ಒಂದು ಹೆಜ್ಜೆ ಹೆಚ್ಚಿನ ಕೆಲಸ. ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಿಂದ ಟೊಬೇಗೊದ ಸ್ಕಾರ್ಬರೋಗೆ ದೋಣಿಯಲ್ಲಿ ನಾಲ್ಕು ಗಂಟೆಯ ಆಸುಪಾಸು, ವಿಮಾನದಲ್ಲಿ ಇಪ್ಪತ್ತೈದು ನಿಮಿಷ. ಹಣ ಉಳಿಸಲು ಹೋಗುವಾಗ ದೋಣಿ ಹತ್ತಿದೆವು. ಮೊದಲ ಒಂದು ಗಂಟೆ ಚೆನ್ನಾಗಿಯೇ ಇತ್ತು. ಟ್ರಿನಿಡಾಡಿನ ಮರೆ ತಪ್ಪಿ ಬಯಲು ಕಡಲಿಗೆ ಬಿದ್ದ ಮೇಲೆ ಅಮ್ಮ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹಿಡಿದಳು. ನಾನು ಕಾಗದದ ಚೀಲ ಹಿಡಿದೆ. ಬರುವಾಗ ವಿಮಾನ.

ಇನ್ನು ಊಟ. ಮೊಟ್ಟೆಯನ್ನೂ ಮುಟ್ಟದವರಿಗೆ ಬಾರ್ಬಡೋಸ್ ಸ್ವಲ್ಪ ಕಠಿಣ. ಶುಕ್ರವಾರ ರಾತ್ರಿಯ ಆಯ್‌ಸ್ಟಿನ್ಸ್ ಮೀನಿನ ಸಂತೆ ಪ್ರಸಿದ್ಧ. ಅಲ್ಲಿ ನಮಗೆ ದಕ್ಕಿದ್ದು ಸಂಗೀತ ಮತ್ತು ಹೊಗೆ. ಮ್ಯಾಕರೋನಿ ಪೈ ಎಲ್ಲೆಡೆ ಸಿಗುತ್ತದೆ, ಆದರೆ ಹಲವರು ಮೊಟ್ಟೆ ಹಾಕುತ್ತಾರೆ. ಅನ್ನದೊಡನೆ ಬೇಯಿಸಿದ ಕಾಳು ನೋಡಲು ಸಾಧು, ಒಳಗೆ ಹಂದಿ ಬಾಲದ ತುಂಡು ಇರಬಹುದು. ಕೇಳದೆ ತಿನ್ನಬೇಡಿ. 'ಕೂಕೂ' ಎಂಬುದು ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಸೇರಿಸಿ ತೊಳಸಿದ ಮುದ್ದೆ. ಹಾರುವ ಮೀನಿನ ಸಾರಿನ ಜತೆ ಬಡಿಸುತ್ತಾರೆ, ಮುದ್ದೆ ಮಾತ್ರ ಕೊಡಿ ಎಂದರೆ ಕೊಟ್ಟರು. ರಾಸ್ತಾಫಾರಿ ಪಂಥದವರ ಸಸ್ಯಾಹಾರದ ಅಂಗಡಿಗಳು ಅಲ್ಲಲ್ಲಿ ಇವೆ. ಬೆಲೆ ಕೇಳುವಾಗ ಯಾವ ಡಾಲರ್ ಎಂದೂ ಕೇಳಿ: ಅಲ್ಲಿನ ಎರಡು ಡಾಲರಿಗೆ ಅಮೆರಿಕದ ಒಂದು. ದಿನಸಿ ಬಹುಪಾಲು ಹೊರಗಿನಿಂದ ಬರುವುದರಿಂದ ಅಂಗಡಿಯ ಬಿಲ್ಲು ನ್ಯೂಜೆರ್ಸಿಯನ್ನೂ ಮೀರಿಸುತ್ತದೆ.

ನಮ್ಮನ್ನು ಕಾಪಾಡಿದ್ದು ರಾಜಧಾನಿ ಬ್ರಿಜ್‌ಟೌನ್‌ನ ಚೀಪ್‌ಸೈಡ್ ಮಾರುಕಟ್ಟೆ. ತರಕಾರಿ ರಾಶಿಯ ಮುಂದೆ ಅಮ್ಮ ಗಕ್ಕನೆ ನಿಂತಳು. "ಇದು ಜೀಗುಜ್ಜೆ ಅಲ್ಲವಾ?" ಹೌದು, ಹಲಸಿನ ಬಳಗದ ಜೀಗುಜ್ಜೆಯೇ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಆಹಾರವಾಗಲಿ ಎಂದು 1793ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಬ್ಲೈ ಪೆಸಿಫಿಕ್‌ನ ತಾಹಿತಿಯಿಂದ ಈ ಸಸಿಗಳನ್ನು ವೆಸ್ಟ್ ಇಂಡೀಸಿಗೆ ತಂದಿದ್ದ. ಅಮ್ಮನಿಗೆ ಆ ಕಥೆ ಬೇಡವಾಗಿತ್ತು, ತೊಟ್ಟು ಒತ್ತಿ ಹಾಲು ಬರುತ್ತದೆಯೇ ಎಂದು ನೋಡುತ್ತಿದ್ದಳು. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ತೆಳ್ಳಗೆ ಹೆಚ್ಚಿ, ಮೆಣಸಿನ ಪುಡಿ ಅಕ್ಕಿ ಹಿಟ್ಟು ಹಚ್ಚಿ ಕಾವಲಿಯ ಮೇಲೆ ಹುರಿದಾಗ ಪಕ್ಕದ ಮನೆಯ ನಾಯಿಯೂ ಬಾಗಿಲಿಗೆ ಬಂತು. ಆದ್ದರಿಂದ ಬಾರ್ಬಡೋಸ್‌ಗೆ ಹೋಗುವವರು ಹೋಟೆಲಿಗಿಂತ ಅಡುಗೆಕೋಣೆಯುಳ್ಳ ಮನೆ ಹಿಡಿಯುವುದು ಒಳಿತು.

ಟ್ರಿನಿಡಾಡ್‌ನಲ್ಲಿ ಆ ಚಿಂತೆಯೇ ಇಲ್ಲ. 1845ರ ಮೇ 30ರಂದು ಭಾರತದ ಕೂಲಿಗಳನ್ನು ಹೊತ್ತ ಮೊದಲ ಹಡಗು ಅಲ್ಲಿಗೆ ಬಂತು. ಆ ದಿನ ಈಗ ರಾಷ್ಟ್ರೀಯ ರಜೆ. ಬೆಳಗಿನ ತಿಂಡಿಗೆ ರಸ್ತೆ ಬದಿಯ 'ಡಬಲ್ಸ್': ಎರಡು ಮೆತ್ತನೆಯ, ಪೂರಿಯಂಥ ಕರಿದ ಬಾರಾ, ನಡುವೆ ಕಡಲೆ ಪಲ್ಯ, ಮೇಲೆ ಹುಣಸೆ ಚಟ್ನಿ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನಿಂತೇ ತಿನ್ನಬೇಕು. ಖಾರ ಎಷ್ಟು ಎಂದು ಕೇಳಿದಾಗ 'ಸ್ಲೈಟ್', ಅಂದರೆ ಸ್ವಲ್ಪ, ಎನ್ನಬೇಕು. ಬ್ಯಾಡಗಿ ಮೆಣಸಿನ ನಾಡಿನವಳೆಂಬ ಹಮ್ಮಿನಲ್ಲಿ ಅಮ್ಮ ಇನ್ನೊಂದು ಚಮಚ ಹಾಕಿಸಿಕೊಂಡಳು. ಮುಂದಿನ ಹತ್ತು ನಿಮಿಷ ಮಾತಿಲ್ಲ. ಟೊಬೇಗೊದಲ್ಲಿ ರೊಟ್ಟಿಯ ಅಂಗಡಿಗಳು ಕ್ರೌನ್ ಪಾಯಿಂಟ್ ಸುತ್ತ ಇವೆ, ಆಚೆ ಹೋದಂತೆ ಏಡಿ ಮೀನಿನದೇ ಕಾರುಬಾರು. ಅಲ್ಲಿನ 'ಕ್ಯಾಲಾಲೂ' ಎಂದರೆ ಕೆಸುವಿನ ಎಲೆ, ಬೆಂಡೆ, ತೆಂಗಿನ ಹಾಲು. ಏಡಿ ಹಾಕಿಲ್ಲವೆಂದು ಖಚಿತವಾದರೆ ಕರಾವಳಿಯವರಿಗೆ ಅದಕ್ಕಿಂತ ಹತ್ತಿರದ ಊಟವಿಲ್ಲ.

ಒಂದು ತೊಡಕು: ಟ್ರಿನಿಡಾಡ್ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ, ಲಸಿಕೆಯ ಪ್ರಮಾಣಪತ್ರವಿಲ್ಲದೆ ಭಾರತದಲ್ಲಿ ಇಳಿದರೆ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ, ಅರವತ್ತು ದಾಟಿದವರು ಆ ಲಸಿಕೆಗೆ ಮೊದಲು ವೈದ್ಯರನ್ನು ಕೇಳಲೇಬೇಕು. ಅಮ್ಮ ಆಮೇಲೆ ಒಂದು ತಿಂಗಳು ನಮ್ಮಲ್ಲೇ ಇರುವವಳಿದ್ದಳು, ಹಾಗಾಗಿ ಊರಿಗೆ ಮರಳುವಾಗ ತೊಂದರೆಯಾಗಲಿಲ್ಲ. ಬಾರ್ಬಡೋಸ್‌ಗೆ ಈ ರಗಳೆಯಿಲ್ಲ. ಸೇನೆಯ ಚುಕ್ಕೆ ಬಣ್ಣದ (ಕ್ಯಾಮಫ್ಲಾಜ್) ಬಟ್ಟೆ ಎರಡೂ ದೇಶಗಳಲ್ಲಿ ಕಾನೂನುಬಾಹಿರ. ಮಗುವಿನ ಚಡ್ಡಿಯಾದರೂ ಮನೆಯಲ್ಲೇ ಬಿಡಿ.

ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. 2024ರಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತ ತಂಡ, ಕೋಚ್ ದ್ರಾವಿಡ್ ಸಹಿತ, ಬೆರಿಲ್ ಚಂಡಮಾರುತದಿಂದಾಗಿ ಬಾರ್ಬಡೋಸ್‌ನಲ್ಲೇ ಸಿಕ್ಕಿಬಿದ್ದದ್ದು ನೆನಪಿರಬಹುದು. ಟೊಬೇಗೊ ತುಂಬ ದಕ್ಷಿಣದಲ್ಲಿರುವುದರಿಂದ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. 1963ರ ಫ್ಲೋರಾ ಆ ದ್ವೀಪವನ್ನು ಹಾಳುಗೆಡವಿತ್ತು.

ಆಮೆಗಳ ವಿಷಯಕ್ಕೆ ಬಂದರೆ ನನ್ನ ಮತ ಟೊಬೇಗೊಗೆ. ಬಾರ್ಬಡೋಸ್‌ನ ಕಾರ್ಲೈಲ್ ಕೊಲ್ಲಿಯಲ್ಲಿ ದೋಣಿಯವರು ನೀರಿಗಿಳಿಸಿ ಆಮೆ ತೋರಿಸುತ್ತಾರೆ. ಮೀನಿನ ಚೂರಿನ ಆಸೆಗೆ ಅವು ಬರುತ್ತವೆ, ದೇವಸ್ಥಾನದ ಕೆರೆಯ ಮೀನು ಮಂಡಕ್ಕಿಗೆ ಬಂದಂತೆ. ಟೊಬೇಗೊದಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಚರ್ಮಬೆನ್ನಿನ ದೈತ್ಯ ಆಮೆಗಳು ಮೊಟ್ಟೆಯಿಡಲು ದಡಕ್ಕೆ ಏರುತ್ತವೆ. ರಾತ್ರಿ ಹನ್ನೊಂದಕ್ಕೆ, ಮಾರ್ಗದರ್ಶಿಯ ಕೆಂಪು ಟಾರ್ಚಿನ ಬೆಳಕಲ್ಲಿ, ಊಟದ ಮೇಜಿನಷ್ಟು ದೊಡ್ಡ ಒಂದು ಪ್ರಾಣಿ ಹಿಂಗಾಲಿನಿಂದ ಮರಳು ತೋಡುತ್ತಿತ್ತು. ಒಂದು ಕಾಲು ಮರಳನ್ನು ಬೊಗಸೆಯಲ್ಲಿ ಎತ್ತಿದಂತೆ ಎತ್ತಿ ಪಕ್ಕಕ್ಕೆ ಸುರಿಯುವುದು, ಆಮೇಲೆ ಇನ್ನೊಂದು. ಕಣ್ಣಿನಿಂದ ಅಂಟಂಟಾದ ನೀರು ಇಳಿಯುತ್ತಿತ್ತು. ದೇಹದ ಉಪ್ಪನ್ನು ಹೊರಹಾಕುವ ಗ್ರಂಥಿ ಅದು ಎಂದು ಮಾರ್ಗದರ್ಶಿ ಪಿಸುಗುಟ್ಟಿದ. ನಾನು ಅನುವಾದಿಸಿದೆ. "ಉಪ್ಪಂತೆ," ಎಂದಳು ಅಮ್ಮ, ನಂಬದವಳ ದನಿಯಲ್ಲಿ. "ಹೆತ್ತವಳಿಗಲ್ಲವೇ ಗೊತ್ತು."

ಈ ಚಳಿಗಾಲಕ್ಕೆ ಮತ್ತೆ ಬರುತ್ತಿದ್ದಾಳೆ. ಎಲ್ಲಿಗೆ ಹೋಗೋಣ ಎಂದು ಫೋನಿನಲ್ಲಿ ಕೇಳಿದೆ, ಆಮೆಯನ್ನು ನೆನಪಿಸಿದೆ, ಡಬಲ್ಸ್ ನೆನಪಿಸಿದೆ. ಅವಳಿಗೆ ಬಾರ್ಬಡೋಸೇ ಬೇಕು, 11ನೇ ನಂಬರಿನ ವ್ಯಾನಿಗಾಗಿ.