ದಾವಣಗೆರೆಯಲ್ಲಿ ಕೂತು ರೇಸ್ ಕಾರ್ಡ್ ಓದುವುದು: ತೂಕವೋ, ಟೈಮೋ, ಬೆಳಗಿನ ವರ್ಕೋ, ಬುಕ್ಕಿ ರೇಟೋ?

ದಾವಣಗೆರೆಯಿಂದ ಬೆಂಗಳೂರಿನ ರೇಸ್ ಕೋರ್ಸಿಗೆ ಸುಮಾರು 260 ಕಿಲೋಮೀಟರ್. ಮೈಸೂರು ಇನ್ನೂ ದೂರ. ಇಲ್ಲಿರುವವರ ಕೈಗೆ ಸಿಗುವುದು ರೇಸ್ ಪುಸ್ತಕ (ಯಾವ ರೇಸಿನಲ್ಲಿ ಯಾವ ಕುದುರೆ ಎಷ್ಟು ತೂಕ ಹೊತ್ತು ಓಡುತ್ತದೆ ಎಂಬ ರೇಸ್ ಕಾರ್ಡು ಇದರಲ್ಲೇ), ಹಳೇ ರೇಸ್‌ಗಳ ವಿಡಿಯೊ, ಪೇಪರಿನಲ್ಲಿ ಬರುವ ಟ್ರ್ಯಾಕ್ ವರ್ಕ್ (ಬೆಳಗಿನ ಅಭ್ಯಾಸದ ಓಟದ ವರದಿ), ಮೊಬೈಲಿನಲ್ಲಿ ಲೈವ್. ಇಷ್ಟರಲ್ಲಿ ಯಾವುದನ್ನು ಎಷ್ಟು ನಂಬಬಹುದು ಎಂದು ತಿಳಿಯಲು ನಾವು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಕೊಂಡೆವು. ಪ್ರತಿ ರೇಸಿಗೂ ತೂಕದ ಲೆಕ್ಕ, ಟೈಮಿನ ಲೆಕ್ಕ, ಬೆಳಗಿನ ವರ್ಕು, ಬುಕ್ಕಿ ರೇಟು, ಒಂದೊಂದೂ ತೋರಿಸುವ ಮೂರು ಮೂರು ಕುದುರೆ. ದುಡ್ಡು ಹಾಕುವುದಿಲ್ಲ. ಮೊದಲ ಮೂರು ಕಾಲಂ ಹಿಂದಿನ ರಾತ್ರಿಯೇ ತುಂಬಬೇಕು, ರೇಟಿನ ಕಾಲಂ ಮಾತ್ರ ಆಯಾ ರೇಸಿಗೆ ಹತ್ತು ನಿಮಿಷ ಮುಂಚೆ. ಸಂಜೆ ಫಲಿತಾಂಶದ ಜೊತೆ ತಾಳೆ ನೋಡಬೇಕು. ರಿಸಲ್ಟ್ ಬಂದ ಮೇಲೆ ತಿದ್ದಿದ ನೋಟ್‌ಬುಕ್ಕಿನಿಂದ ಏನನ್ನೂ ಕಲಿಯಲಾಗದು.

ಮೊದಲು ತೂಕ. ಹ್ಯಾಂಡಿಕ್ಯಾಪ್ ರೇಸಿನಲ್ಲಿ (ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸಿ ಎಲ್ಲವನ್ನೂ ಸಮ ಮಾಡುವ ರೇಸು) ಪ್ರತಿ ಕುದುರೆಗೂ ಒಂದು ರೇಟಿಂಗ್, ಅಂದರೆ ಸಾಮರ್ಥ್ಯದ ಅಂಕ, ಇರುತ್ತದೆ, ಒಂದು ಅಂಕಕ್ಕೆ ಅರ್ಧ ಕೆಜಿ. ಬೆಂಗಳೂರಿನಲ್ಲಿ ಐದನೇ ಕ್ಲಾಸು 00ರಿಂದ 25, ನಾಲ್ಕನೆಯದು 20ರಿಂದ 45, ಮೂರನೆಯದು 40ರಿಂದ 65. ಈ ಗಡಿಗಳು ಒಂದರ ಮೇಲೊಂದು ಬಂದಿರುವುದನ್ನು ಗಮನಿಸಬೇಕು. 24 ರೇಟಿಂಗಿನ ಕುದುರೆ ನಾಲ್ಕನೇ ಕ್ಲಾಸಿನಲ್ಲಿ ಹಗುರ ತೂಕ ಹೊತ್ತು ಬಲವಾದವುಗಳ ಜೊತೆ ಓಡಬಹುದು, ಐದನೆಯದರಲ್ಲಿ ಭಾರ ಹೊತ್ತು ಸಾಧಾರಣವಾದವುಗಳ ಜೊತೆಗೂ ಓಡಬಹುದು. ಟ್ರೈನರ್ ಯಾವುದನ್ನು ಆರಿಸಿದ್ದಾರೆ ಎನ್ನುವುದೇ ಒಂದು ಸುಳಿವು.

ಲೆಕ್ಕ ಹೀಗೆ. 1400 ಮೀಟರಿನಲ್ಲಿ 'ಅ' ಕುದುರೆ 'ಆ' ಕುದುರೆಯನ್ನು 3 ಲೆಂಗ್ತ್‌ನಿಂದ ಸೋಲಿಸಿತ್ತು ಎನ್ನೋಣ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ). ಆಗ 'ಆ' 2 ಕೆಜಿ ಹೆಚ್ಚು ಹೊತ್ತಿತ್ತು. ಈಗ ಅದೇ ದೂರದಲ್ಲಿ 'ಅ' 3.5 ಕೆಜಿ ಹೆಚ್ಚು ಹೊರುತ್ತಿದೆ. ಒಟ್ಟು ಬದಲಾವಣೆ 5.5 ಕೆಜಿ. 1400 ಮೀಟರಿಗೆ ಒಂದು ಲೆಂಗ್ತ್ ಎಂದರೆ ಸುಮಾರು 1.1 ಕೆಜಿ ಎಂದು ಹಿಡಿದರೆ 3 ಲೆಂಗ್ತ್‌ಗೆ 3.3 ಕೆಜಿ. ಉಳಿದ 2.2 ಕೆಜಿ 'ಆ' ಕಡೆಗೆ, ಅಂದರೆ ಕಾಗದದ ಮೇಲೆ 'ಆ' 2 ಲೆಂಗ್ತ್ ಮುಂದೆ. 1200ಕ್ಕೆ ಲೆಂಗ್ತ್‌ಗೆ 1.3 ಕೆಜಿ, 1600ಕ್ಕೆ 0.9, 2000 ದಾಟಿದರೆ 0.7ರ ಆಸುಪಾಸು ಇಟ್ಟುಕೊಂಡರೆ ಸಾಕು. ಒಟ್ಟು ತೂಕ ನೋಡಬೇಡಿ, ಎರಡು ಕುದುರೆಗಳ ನಡುವಿನ ವ್ಯತ್ಯಾಸ ನೋಡಿ. ಯಾಕೆಂದರೆ ಹೆಚ್ಚು ರೇಟಿಂಗಿನ ಕುದುರೆಗಳು ಇಲ್ಲದ ರೇಸಿನಲ್ಲಿ ಎಲ್ಲರ ತೂಕವನ್ನೂ ಒಟ್ಟಿಗೆ ಏರಿಸಿರುತ್ತಾರೆ. ಅಪ್ರೆಂಟಿಸ್ ಜಾಕಿಗೆ (ಇನ್ನೂ ಕಲಿಯುತ್ತಿರುವ ಸವಾರನಿಗೆ) ಸಿಗುವ ತೂಕದ ರಿಯಾಯಿತಿ ಕಳೆಯುವುದನ್ನು ಮರೆತರೆ ಇಡೀ ಲೆಕ್ಕ ತಪ್ಪುತ್ತದೆ.

'ತೂಕ ಕಡಿಮೆ ಸಿಕ್ಕಿದೆ, ಇದೇ ಗೆಲ್ಲುತ್ತೆ' ಅನ್ನುವುದು ಎಲ್ಲರೂ ಮಾಡುವ ತಪ್ಪು. ಕಡಿಮೆ ತೂಕ ಸಿಕ್ಕಿರುವುದು ಕುದುರೆ ಅಷ್ಟು ಚೆನ್ನಾಗಿ ಓಡಿಲ್ಲ ಎಂಬ ಕಾರಣಕ್ಕೆ. ಈ ಕಾಲಂ ನಮಗೆ ಚೆನ್ನಾಗಿ ಕೈಹಿಡಿದದ್ದು ಮೂರನೇ, ನಾಲ್ಕನೇ ಕ್ಲಾಸಿನ ನಾಲ್ಕು ವರ್ಷ ದಾಟಿದ ಕುದುರೆಗಳಲ್ಲಿ. ಕೈಕೊಟ್ಟದ್ದು ಎರಡು ಕಡೆ. ಬೆಳೆಯುತ್ತಿರುವ ಮೂರು ವರ್ಷದ ಕುದುರೆಯ ರೇಟಿಂಗ್ ಯಾವಾಗಲೂ ಅದರ ನಿಜವಾದ ಶಕ್ತಿಗಿಂತ ಹಿಂದೆ ಇರುತ್ತದೆ. ಇನ್ನೊಂದು, ಕೊನೆಯ ನೂರು ಮೀಟರಿನಲ್ಲಿ ಜಾಕಿ ಕೈ ಬಿಟ್ಟು ಆರಾಮಾಗಿ ಗೆದ್ದ ಕುದುರೆ. ಪುಸ್ತಕದಲ್ಲಿ ಒಂದೇ ಲೆಂಗ್ತ್ ಇರುತ್ತದೆ, ಬೇಕೆಂದರೆ ನಾಲ್ಕಾಗುತ್ತಿತ್ತು. ವಿಡಿಯೊ ನೋಡದೆ ಇದು ಗೊತ್ತಾಗುವುದಿಲ್ಲ.

ಟೈಮಿನ ಲೆಕ್ಕ ನೋಡಲು ಸುಲಭ, ಮಾಡಲು ಕಷ್ಟ. ಗೆದ್ದ ಕುದುರೆಯ ಟೈಮಿಗೆ ಉಳಿದವುಗಳ ಲೆಂಗ್ತ್ ಸೇರಿಸಬೇಕು. ಸೆಕೆಂಡಿಗೆ ಆರು ಲೆಂಗ್ತ್ ಎಂದು ಹಿಡಿದರೆ, 1 ನಿಮಿಷ 26.5 ಸೆಕೆಂಡಿನಲ್ಲಿ ಮುಗಿದ ರೇಸಿನಲ್ಲಿ ನಾಲ್ಕೂವರೆ ಲೆಂಗ್ತ್ ಹಿಂದೆ ಬಂದ ಕುದುರೆಯ ಟೈಮು 1 ನಿಮಿಷ 27.25. ಇಲ್ಲಿಗೆ ನಿಲ್ಲಿಸಿ ಬೇರೆ ದಿನದ ಟೈಮಿಗೆ ಹೋಲಿಸಿದರೆ ಕೆಟ್ಟಿತು. ಬೆಂಗಳೂರಿನ ಬೇಸಿಗೆ ಸೀಸನ್ನು ಮಳೆಗಾಲದೊಳಕ್ಕೆ ಬರುತ್ತದೆ, ಮೈಸೂರಿನದು ಮಳೆಯಲ್ಲೇ. ಪೆನೆಟ್ರೋಮೀಟರ್ (ನೆಲ ಎಷ್ಟು ಮೆತ್ತಗಿದೆ ಎಂದು ಅಳೆಯುವ ಸಾಧನ) ಅಂಕಿ ಏರಿದಷ್ಟೂ ಹುಲ್ಲಿನ ನೆಲ ಮೆತ್ತಗೆ, ಟೈಮು ನಿಧಾನ. ಫಾಲ್ಸ್ ರೇಲ್ (ಒಳಬೇಲಿಯಿಂದ ಹೊರಕ್ಕೆ ಸರಿಸಿ ಹಾಕುವ ತಾತ್ಕಾಲಿಕ ಬೇಲಿ) ಹಾಕಿದ್ದರೆ ಓಡುವ ದಾರಿಯೇ ಬೇರೆ. ಇವೆರಡನ್ನು ನೋಡದೆ ಟೈಮ್ ಹೋಲಿಸುವುದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ತೇವ ನೋಡದೆ ಕ್ವಿಂಟಾಲಿಗೆ ಬೆಲೆ ಹೇಳಿದ ಹಾಗೆ. ಆದ್ದರಿಂದ ನಮ್ಮಲ್ಲಿ ಉಳಿದದ್ದು ಒಂದೇ ಹೋಲಿಕೆ: ಅದೇ ದಿನ, ಅದೇ ದೂರ, ಬೇರೆ ಕ್ಲಾಸು. ಐದನೇ ಕ್ಲಾಸಿನ ರೇಸು ಮೂರನೇ ಕ್ಲಾಸಿನ ಟೈಮಿಗೆ ಹತ್ತಿರ ಬಂದರೆ ಆ ಮೊದಲ ಮೂರು ಕುದುರೆಗಳ ಹೆಸರು ಬರೆದಿಡಬೇಕು. ಅದಕ್ಕೂ ಮುಂಚೆ, ಮೂರನೇ ಕ್ಲಾಸಿನವರು ಮೊದಲರ್ಧ ನಡೆದಂತೆ ಓಡಿಸಿ ಕೊನೆಗೆ ಮಾತ್ರ ಜೋರಾಗಿ ಬಿಟ್ಟಿದ್ದಾರೋ ಎಂದು ವಿಡಿಯೊದಲ್ಲಿ ಗುರಿಗೆ 400 ಮೀಟರ್ ಉಳಿದಿರುವ ಕಂಬದಿಂದ ಸ್ಟಾಪ್‌ವಾಚ್ ಒತ್ತಿ ನೋಡಬೇಕು.

ವಿಡಿಯೊ ಹಾಕಿದಾಗಲೇ ತಿರುವನ್ನೂ ನೋಡಿಬಿಡಿ. ಅರ್ಧ ವೃತ್ತದ ತಿರುವಿನಲ್ಲಿ ಒಂದು ಮೀಟರ್ ಹೊರಗೆ ಓಡಿದರೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಬೀಳುತ್ತದೆ. ಎರಡು ಮೀಟರ್ ಹೊರಗಾದರೆ ಆರು ಚಿಲ್ಲರೆ. ಕುದುರೆಯ ಉದ್ದ ಸುಮಾರು 2.4 ಮೀಟರ್, ಅಂದರೆ ಎರಡೂವರೆ ಲೆಂಗ್ತ್ ಹೋಯಿತು. ಹೊರಗಿನ ಡ್ರಾದಿಂದ (ಡ್ರಾ ಎಂದರೆ ಹೊರಡುವ ಗೇಟಿನ ಸ್ಥಾನ) ಹೊರಟು ತಿರುವಿನುದ್ದಕ್ಕೂ ಹೊರಗೇ ಸಿಕ್ಕಿಹಾಕಿಕೊಂಡು ಮೂರು ಲೆಂಗ್ತ್‌ನಿಂದ ಸೋತ ಕುದುರೆ ಮುಂದಿನ ಸಲ ಒಳಗಿನ ಡ್ರಾ ಪಡೆದರೆ, ಅದನ್ನು ಸೋತ ಕುದುರೆ ಎಂದು ಎಣಿಸಬಾರದು. ನಾಲ್ಕು ಕಾಲಂನಲ್ಲಿ ಯಾವುದೂ ಇದನ್ನು ತಾನಾಗಿ ತೋರಿಸುವುದಿಲ್ಲ. ನಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಉಪಯೋಗವಾದ ತಿದ್ದುಪಡಿ ಇದೇ.

ಬೆಳಗಿನ ವರ್ಕು ಓದಲು ರುಚಿ, ಆದರೆ ನಂಬಿಕೆಗೆ ತೆಳು. ಅದು ಬಹುಪಾಲು ಮರಳಿನ ಟ್ರ್ಯಾಕಿನದು, ರೇಸು ಹುಲ್ಲಿನ ಮೇಲೆ. ಬೆನ್ನ ಮೇಲಿದ್ದ ರೈಡರ್ ಎಷ್ಟು ಕೆಜಿ ಎಂಬುದು ವರದಿಯಲ್ಲಿ ಇರುವುದಿಲ್ಲ. ಇನ್ನರ್ ಸ್ಯಾಂಡಿನ 600 ಮೀಟರ್ ಟೈಮನ್ನು ಔಟರ್ ಸ್ಯಾಂಡಿನದಕ್ಕೆ ಹೋಲಿಸುವಂತಿಲ್ಲ. ಪ್ರತಿ ವಾರ ಬೆಳಿಗ್ಗೆ ಮಿಂಚಿ ಮಧ್ಯಾಹ್ನ ಮಂಕಾಗುವ ಕುದುರೆಗಳೂ ಇವೆ. ಇದನ್ನು ಗೆಲ್ಲುವ ಕುದುರೆ ಹುಡುಕಲು ಬಳಸಿದಾಗ ಸೋತೆವು. ಬಿಡಬೇಕಾದ ಕುದುರೆ ಗುರುತಿಸಲು ಬಳಸಿದಾಗ ಕೆಲಸಕ್ಕೆ ಬಂತು: ಎರಡು ತಿಂಗಳು ಓಡದೆ, ಒಂದೇ ಒಂದು ಒಳ್ಳೆಯ ಗ್ಯಾಲಪ್ಪೂ ಇಲ್ಲದೆ ಬಂದದ್ದನ್ನು ಗೆರೆ ಎಳೆದು ತೆಗೆಯಬಹುದು. ಮಾಕ್ ರೇಸಿನ (ಹಲವು ಕುದುರೆಗಳನ್ನು ಒಟ್ಟಿಗೆ ಓಡಿಸುವ ಅಭ್ಯಾಸದ ರೇಸು) ವಿಷಯ ಬೇರೆ. ಅಲ್ಲಿ ಕುದುರೆ ಬೇರೆಯವುಗಳ ನಡುವೆ ಹೇಗೆ ಓಡುತ್ತದೆ, ಪಕ್ಕದ ಕುದುರೆ ತಾಗಿದಾಗ ಹಿಂಜರಿಯುತ್ತದೆಯೋ ಇಲ್ಲವೋ ಎಂಬುದು ಸಿಗುತ್ತದೆ.

ಬುಕ್ಕಿ ರೇಟಿನಲ್ಲಿ ಎಲ್ಲರ ತಿಳಿವಳಿಕೆಯೂ ಸೇರಿರುತ್ತದೆ, ಹಾಗಾಗಿ ಬರೆದ ಮೂರು ಹೆಸರಿನಲ್ಲಿ ಗೆದ್ದ ಕುದುರೆ ಇರುವುದು ಈ ಕಾಲಂನಲ್ಲೇ ಹೆಚ್ಚು. ಆದರೆ ಅದರ ಜೊತೆ ಬುಕ್ಕಿಯ ಪಾಲೂ ಸೇರಿರುತ್ತದೆ. 2/1 ಎಂದರೆ ಒಂದು ರೂಪಾಯಿಗೆ ಎರಡು ರೂಪಾಯಿ ಲಾಭ, ಅಂದರೆ ಗೆಲ್ಲುವ ಅವಕಾಶ ಮೂರರಲ್ಲಿ ಒಂದು. ಐದು ಕುದುರೆಗೆ 6/4, 2/1, 4/1, 8/1, 10/1 ಇದ್ದರೆ ಶೇಕಡಾವಾರು 40, 33.3, 20, 11.1, 9.1. ಕೂಡಿದರೆ 113.5. ಆ ಹೆಚ್ಚಿನ 13.5 ನಿಮ್ಮದಲ್ಲ. 40 ಎಂದು ಕಂಡ ಫೇವರಿಟ್‌ನ ನಿಜವಾದ ಅವಕಾಶ 35ರ ಹತ್ತಿರ. ಇದರ ಜೊತೆಗೆ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಬೀಳುವುದು ಪಂತಕ್ಕೆ ಹಾಕಿದ ಪೂರ್ತಿ ಮೊತ್ತದ ಮೇಲೆ. ಹಾಗಾಗಿ ರೇಟನ್ನು ನೋಡಿ ಕುದುರೆ ಆರಿಸುವುದಲ್ಲ. ನಿಮ್ಮ ಲೆಕ್ಕ ಮುಗಿದ ಮೇಲೆ ಎರಡಕ್ಕೂ ದೊಡ್ಡ ಅಂತರ ಬಂದರೆ ನಿಮ್ಮ ಲೆಕ್ಕವನ್ನೇ ಮೊದಲು ಇನ್ನೊಮ್ಮೆ ಪರೀಕ್ಷಿಸುವುದು. ಬ್ಲಿಂಕರ್ಸ್ (ಕುದುರೆಯ ಕಣ್ಣಿನ ಪಕ್ಕಕ್ಕೆ ಕಟ್ಟುವ ಮರೆ) ಹೊಸದಾಗಿ ಹಾಕಿದ್ದಾರೆಯೇ, ಜಾಕಿ ಬದಲಾಗಿದ್ದಾರೆಯೇ ಎಂಬುದು ಇಂಥ ಹೊತ್ತಿನಲ್ಲೇ ಕಣ್ಣಿಗೆ ಬೀಳುವುದು.

ಲೈವ್‌ನಲ್ಲಿ ಪ್ಯಾಡಕ್ (ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗ) ಒಂದೆರಡು ನಿಮಿಷ ಸಿಗುತ್ತದೆ, ಬಿಡಬೇಡಿ. ನಡಿಗೆ ನೋಡಿ: ಹಿಂಗಾಲಿನ ಗೊರಸು ಮುಂಗಾಲು ಬಿಟ್ಟ ಗುರುತನ್ನು ದಾಟಿ ಬೀಳುತ್ತಿದ್ದರೆ ಬೆನ್ನು, ಸೊಂಟ ಸಡಿಲವಾಗಿದೆ. ಹಿಂದಿನ ತೊಡೆಗಳ ನಡುವೆ ಸೋಪಿನ ನೊರೆಯಂತೆ ಬೆವರು, ಬಾಲ ಬಿಡದೆ ಬೀಸುವುದು, ತಲೆ ಎತ್ತಿ ಲಗಾಮು ಎಳೆಯುವುದು ಇದ್ದರೆ ಓಡುವ ಮೊದಲೇ ಶಕ್ತಿ ಖರ್ಚಾಗುತ್ತಿದೆ. ಸೆಖೆಯ ದಿನ ಕುತ್ತಿಗೆಯ ಬೆವರಿಗೆ ಅರ್ಥವಿಲ್ಲ, ಎಲ್ಲವೂ ಬೆವರುತ್ತವೆ. ನಮ್ಮ ಕಡೆ ದನದ ಸಂತೆಯಲ್ಲಿ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿ ಬೆಲೆ ಕಟ್ಟುವವರಿಗೆ ಈ ಕಣ್ಣು ಬೇಗ ಕೂಡುತ್ತದೆ.

ಇಷ್ಟರ ಮೇಲೆ ನಾವು ಇಟ್ಟುಕೊಂಡ ಕ್ರಮ: ಹ್ಯಾಂಡಿಕ್ಯಾಪ್ ರೇಸಿಗೆ ತೂಕದ ಲೆಕ್ಕ ತಳಹದಿ, ಅದರ ಮೇಲೆ ತಿರುವಿನ ನಷ್ಟದ ತಿದ್ದುಪಡಿ, ಅನುಮಾನ ಬಂದಲ್ಲಿ ಅದೇ ದಿನದ ಟೈಮು. ಮೊದಲ ಸಲ ಓಡುವ ಮರಿಗಳ ರೇಸಿಗೆ ತೂಕ, ಟೈಮು ಎರಡೂ ಖಾಲಿ. ಅಲ್ಲಿ ಮಾಕ್ ರೇಸು, ಪ್ಯಾಡಕ್, ಆಮೇಲೆ ರೇಟು. ಐದನೇ ಕ್ಲಾಸಿನ 1200 ಮೀಟರಿಗೆ ಹದಿನಾಲ್ಕು ಕುದುರೆ ನಿಂತರೆ ನಾಲ್ಕು ಕಾಲಂನಲ್ಲೂ ಬೇರೆ ಬೇರೆ ಹೆಸರು ಬರುತ್ತವೆ. ಆ ರೇಸಿನ ಪುಟವನ್ನು ಖಾಲಿ ಬಿಡುತ್ತೇವೆ. ಕೊನೆಗಳಿಗೆಯಲ್ಲಿ ಒಂದು ಕುದುರೆ ವಾಪಸಾದರೆ ಡ್ರಾ, ಓಟದ ವೇಗ ಎರಡೂ ಬದಲಾಗುತ್ತವೆ. ಅದರಲ್ಲೂ ವಾಪಸಾದದ್ದು ಮುಂದೆ ಓಡುವ ಕುದುರೆಯಾದರೆ ಆ ರೇಸಿನ ಲೆಕ್ಕವನ್ನು ಮೊದಲಿನಿಂದ ಹಾಕಬೇಕು.