ಮೂರು ಎಲ್‌ಇಡಿ ಸ್ಟ್ರಿಪ್, ಮೂರು ವರ್ಷ ಆದ ಮೇಲೆ

ಎಲ್‌ಇಡಿ ಸ್ಟ್ರಿಪ್ ಹಾಕುವಾಗ ಕತ್ತರಿಸಿ ಉಳಿದ ತುಂಡುಗಳನ್ನು ನಾನು ಸುಮ್ನೆ ಡ್ರಾಯರ್‌ಗೆ ಎಸೆದಿದ್ದೆ. ಮೂರು ವರ್ಷ ಆದ ಮೇಲೆ ಅವೇ ಕೆಲಸಕ್ಕೆ ಬಂದವು. ಮನೆಯ ಮೂರು ಕಡೆ ಮೂರು ಬಗೆಯ ಸ್ಟ್ರಿಪ್ ಇದೆ, ಮೂರೂ ವಾರ್ಮ್ ವೈಟ್, ಅಂದರೆ ತುಸು ಹಳದಿ ಬೆರೆತ ಬಿಳಿ. ಒಂದು ರಾತ್ರಿ ಪ್ರತಿಯೊಂದರ ಪಕ್ಕ ಅದರದ್ದೇ ಹೊಸ ತುಂಡು ಹಿಡಿದು, ಅದದೇ ಅಡಾಪ್ಟರ್‌ನಲ್ಲಿ ಹೊತ್ತಿಸಿ ನೋಡಿದೆ.

ಮೊದಲನೆಯದು ಟಿವಿ ಹಿಂದಿನದು. 12 ವೋಲ್ಟ್, ಕೋಟಿಂಗ್ ಇಲ್ಲದ ಬರೀ ಪಟ್ಟಿ, ಮರದ ಹಲಗೆಗೆ ನೇರವಾಗಿ ಅಂಟಿಸಿದ್ದು. ಇದು ಮಂಕಾಗಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹೊಸ ತುಂಡು ಪಕ್ಕದಲ್ಲಿ ಹೊತ್ತಿದಾಗ ಹಳೆಯದು ಲಾಟೀನಿನ ಹಾಗೆ ಕಂಡಿತು! ದಿನಾ ನೋಡುವ ಕಣ್ಣು ಮೋಸ ಹೋಗುತ್ತೆ. ಎಲ್‌ಇಡಿ ಅನ್ನುವುದು ಹಳೇ ತಂತಿ ಬಲ್ಬಿನ ಹಾಗೆ ಪಟ್ ಅಂತ ಸಾಯುವುದು ಕಮ್ಮಿ, ಸವೆಯುವುದೇ ಜಾಸ್ತಿ. ಹಾಗಾಗಿಯೇ ಬೆಳಕು ಮೊದಲಿನ ಶೇ 70ಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು ಅಂತ ಲೆಕ್ಕ ಹಾಕುತ್ತಾರೆ, ಅದಕ್ಕೆ ಎಲ್70 ಅಂತ ಹೆಸರು. ಡಬ್ಬದ ಮೇಲೆ 50,000 ಗಂಟೆ ಅಂತ ಬರೆದಿತ್ತು. ದಿನಕ್ಕೆ ಆರು ಗಂಟೆ ಹೊತ್ತಿಸಿದರೂ ಮೂರು ವರ್ಷಕ್ಕೆ ಆಗುವುದು ಆರೂವರೆ ಸಾವಿರ ಗಂಟೆ. ಆದರೆ ಡಬ್ಬದ ಲೆಕ್ಕ ನಿಲ್ಲುವುದು ಎಲ್‌ಇಡಿ ತಣ್ಣಗಿದ್ದರೆ ಮಾತ್ರ. ಮರ ಬಿಸಿಯನ್ನು ಎಳೆದುಕೊಳ್ಳುವುದಿಲ್ಲ. ಅದೇ ಬಿಸಿಗೆ ಅಂಟೂ ಬಿಟ್ಟು, ಒಂದು ಮೂಲೆ ಜೋತು ಬಿದ್ದಿತ್ತು.

ಜೊತೆಗೆ ನಡುವೆ ಮೂರು ಎಲ್‌ಇಡಿ ಕತ್ತಲು. 12 ವೋಲ್ಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಮೂರನ್ನು ಒಂದೇ ಸಾಲಿನಲ್ಲಿ ಪೋಣಿಸಿರುತ್ತಾರೆ. ಒಂದರ ಕೊಂಡಿ ಕಳಚಿದರೆ ಮೂರೂ ಹೋದವು. ನಡುವಿನದನ್ನು ಉಗುರಿನಿಂದ ಒತ್ತಿದರೆ ಮೂರೂ ಹೊತ್ತುತ್ತಿದ್ದವು, ಕೈ ತೆಗೆದರೆ ಮತ್ತೆ ಕತ್ತಲು. ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ ಎಲ್ಲೋ ಬೆಸುಗೆ ಬಿಟ್ಟಿದೆ, ಅಷ್ಟೇ.

ಎರಡನೆಯದು ಬಚ್ಚಲುಮನೆ ಕನ್ನಡಿಯ ಮೇಲಿನದು. ನೀರು ತಾಗಬಾರದು ಅಂತ ಎಪಾಕ್ಸಿ (ಗಟ್ಟಿಯಾಗುವ ಪಾರದರ್ಶಕ ಅಂಟು) ಕೋಟಿಂಗ್ ಇದ್ದದ್ದನ್ನೇ ತಂದಿದ್ದೆ. ನೀರಿಗೇನೋ ಜಗ್ಗಲಿಲ್ಲ, ಆದರೆ ಬಣ್ಣ ಕೆಟ್ಟಿತು. ಡ್ರಾಯರ್‌ನ ತುಂಡು ನೀರಿನಷ್ಟು ತಿಳಿಯಾಗಿತ್ತು, ಗೋಡೆಯದು ಹಳೇ ಸೆಲ್ಲೋಟೇಪ್ ಬಣ್ಣ. ಹತ್ತಿರದಿಂದ ನೋಡಿದರೆ ಪ್ರತಿ ಎಲ್‌ಇಡಿ ನೆತ್ತಿಯ ಮೇಲೂ ಒಂದೊಂದು ಕಂದು ಚುಕ್ಕೆ. ಬಿಳಿ ಎಲ್‌ಇಡಿಯ ಒಳಗಿರುವುದು ನಿಜಕ್ಕೂ ನೀಲಿ ಚಿಪ್, ಅದರ ಮೇಲೆ ಆ ನೀಲಿಯನ್ನು ಬಿಳಿಯಾಗಿ ಕಾಣಿಸುವ ಫಾಸ್ಫರ್ ಲೇಪ. ಆ ನೀಲಿ ಬೆಳಕೂ ಬಿಸಿಯೂ ಸೇರಿ ಎಪಾಕ್ಸಿಯನ್ನು ಹಳದಿ ಮಾಡುತ್ತವೆ. ಸಿಲಿಕೋನ್ ಆಗಿದ್ದರೆ ಇಷ್ಟು ಬೇಗ ಹಳದಿ ತಿರುಗುವುದಿಲ್ಲ. ಮೂರರಲ್ಲಿ ನನಗೆ ಜಾಸ್ತಿ ಬೇಜಾರು ಮಾಡಿದ್ದು ಇದೇ. ಮಂಕಾದರೆ ಸಹಿಸಬಹುದು, ಕನ್ನಡಿಯಲ್ಲಿ ಕಾಮಾಲೆ ಹಿಡಿದ ಮುಖ ನೋಡೋದು ಕಷ್ಟ ಅಲ್ವಾ?

ಮೂರನೆಯದು ಅಡುಗೆಮನೆ ಕಪಾಟಿನ ಕೆಳಗೆ, 24 ವೋಲ್ಟ್, ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಚಾನಲ್ ಒಳಗೆ. ಇದೂ ಮಂಕಾಗಿತ್ತು. ಚಾನಲ್‌ಗೆ ಸುಮ್ನೆ ದುಡ್ಡು ಸುರಿದೆ ಅಂದುಕೊಂಡೆ. ಆಮೇಲೆ ಮೇಲಿನ ಬಿಳಿ ಮುಚ್ಚಳ ತೆಗೆದು ಒರೆಸಿದರೆ ಬಟ್ಟೆಗೆಲ್ಲ ಎಣ್ಣೆ ಜಿಡ್ಡು! ಮುಚ್ಚಳವಿಲ್ಲದೆ ಹೋಲಿಸಿದಾಗ ಹೊಸದಕ್ಕೂ ಹಳೆಯದಕ್ಕೂ ಅಂತರ ಇತ್ತು, ಆದರೆ ಎರಡು ಸಲ ನೋಡಬೇಕಾಯಿತು. ಅಷ್ಟೇ ವ್ಯಾಟ್‌ಗೆ 24 ವೋಲ್ಟ್‌ನಲ್ಲಿ ಕರೆಂಟ್ ಅರ್ಧ ಸಾಕು, ದಾರಿಯಲ್ಲಿ ಕಳೆಯುವ ವೋಲ್ಟೇಜೂ ಕಮ್ಮಿ, ಹಾಗಾಗಿ ಉದ್ದ ಪಟ್ಟಿಯ ಕೊನೆಯೂ ಸೊರಗಿರಲಿಲ್ಲ. ಇದರಲ್ಲಿ ಕೈಕೊಟ್ಟಿದ್ದು ಅಡಾಪ್ಟರ್. ಮಿಣುಕತೊಡಗಿತ್ತು, ಬಿಚ್ಚಿಸಿದರೆ ಒಳಗೆ ಕೆಪಾಸಿಟರ್ ಅನ್ನೋ ಪುಟ್ಟ ಬಿಡಿಭಾಗದ ತಲೆ ಉಬ್ಬಿತ್ತು.

ಮೂರೂ ಬೇರೆ ಬೇರೆ ಜಾಗ, ಇದು ಕಟ್ಟುನಿಟ್ಟಿನ ಪರೀಕ್ಷೆ ಅಲ್ಲ. ಆದರೂ ಇನ್ನು ಮುಂದೆ ಚಾನಲ್ ಇಲ್ಲದೆ ನಾನಂತೂ ಹಾಕುವುದಿಲ್ಲ. ಒದ್ದೆ ಜಾಗಕ್ಕೆ ಸಿಲಿಕೋನ್ ಟ್ಯೂಬ್‌ನದ್ದೇ ಬೇಕು.

ಟಿವಿ ಹಿಂದಿನ ಕತ್ತಲ ಮೂರರ ಜಾಗಕ್ಕೆ ಡ್ರಾಯರ್‌ನ ತುಂಡು ಬೆಸೆದು ನೋಡಿದೆ. ಹಳೇ ಅಂಗಿಗೆ ಹೊಸ ತೇಪೆ ಹಾಕಿದ ಹಾಗೆ, ಅಷ್ಟೇ ಭಾಗ ಎದ್ದು ಕಾಣುತ್ತಿತ್ತು. ಕೊನೆಗೆ ಇಡೀ ಪಟ್ಟಿಯನ್ನೇ ಕಿತ್ತು ಹೊಸದು ಹಾಕಿದೆ. ಹೊಸದರ ಉಳಿದ ತುಂಡಿಗೆ ತಾರೀಖು ಬರೆದ ಚೀಟಿ ಅಂಟಿಸಿ ಡ್ರಾಯರ್‌ನಲ್ಲಿಟ್ಟಿದ್ದೇನೆ.